ಬಲಗಡೆಯ ಹೂವು

ಪ್ರಧಾನಿಯ ಭದ್ರತಾ ಸಲಹೆಗಾರ ಎಂದರೆ ಲಿಂಗಮ್ಮನ ಲೆಕ್ಕದಲ್ಲಿ ಬಂದೂಕು ಹಿಡಿದು ಅವರ ಹಿಂದೆ ಹಿಂದೆ ಓಡುವವನು.

"ಈ ವಯಸ್ಸಲ್ಲಿ ಓಡೋಕಾಗತ್ತೇನೋ ನಿಂಗೆ?" ಎಂದು ತಮ್ಮನನ್ನು ಕೇಳಿಯೇಬಿಟ್ಟಳು.

"ಬಂದೂಕಿಲ್ಲ ಅಕ್ಕ. ಅವರ ಕಿವೀಲಿ ಮಾತು ಹೇಳೋದಷ್ಟೇ ನನ್ನ ಕೆಲಸ," ಎಂದ ಚಂದ್ರಹಾಸ.

"ಅಷ್ಟಕ್ಕೆ ಸಂಬ್ಳ ಕೊಡ್ತಾರಾ ಮಾರಾಯ!"

ಹೊಸ ಶತಮಾನ ಶುರುವಾಗಿ ಒಂದೆರಡು ವರ್ಷವಾಗಿತ್ತು. ಬೆಳಿಗ್ಗೆ ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲಿ ತಂಗಿಯ ಮಗಳು ಸುಪ್ರಿಯಾಳ ಮದುವೆ. ಹೋಳಿಗೆ ಊಟ ಮುಗಿಸಿದ ತಮ್ಮನನ್ನು ಲಿಂಗಮ್ಮ ಭದ್ರಾವತಿಗೆ, ಕಾಗದನಗರದ ತನ್ನ ಕ್ವಾರ್ಟರ್ಸಿಗೆ, ಎಳೆದುಕೊಂಡು ಬಂದಿದ್ದಳು. ಅವರ ಹಿಂದೆಯೇ ಪೊಲೀಸ್ ಜೀಪೂ ಬಂತು, ದೆಹಲಿಯ ಒಬ್ಬ ಅಧಿಕಾರಿಯೂ ಬಂದ. ಟೀವಿಯ ಮೇಲಿದ್ದ ಗೊಂಬೆಗಳನ್ನು ಸರಿಸಿ ಅವನು ಕಪ್ಪು ಫೋನೊಂದನ್ನು ಇಟ್ಟ. ಸಂಜೆ ಆರಕ್ಕೆ ಪ್ರಧಾನಿ ಅದರಲ್ಲಿ ಮಾತಾಡುವವರಿದ್ದರು.

ಗಡಿಯಾಚೆಯ ಒಂದು ಗುಡ್ಡಕ್ಕೆ ಸೈನಿಕರನ್ನು ಕಳಿಸಬಹುದೋ ಬೇಡವೋ ಎಂಬುದೇ ಮಾತು. ಗುಡ್ಡ ಖಾಲಿಯಿದೆ ಎಂದು ಸುದ್ದಿ ತಂದವರು ಹೇಳುತ್ತಿದ್ದರು. ಚಂದ್ರಹಾಸನಿಗೆ ಅದು ಬಲೆ ಎನ್ನಿಸಿತ್ತು. ಆದರೆ ಪ್ರಧಾನಿಗೆ 'ಆಗಬಹುದು' ಎಂಬ ಮಾತೇ ಹಿತವೆಂದು ಅವನಿಗೆ ಗೊತ್ತು. ಹಿಂದೆ 'ಬೇಡ' ಅಂದವರು ಈಗ ಆ ಬಾಗಿಲ ಹತ್ತಿರವೂ ಕಾಣಿಸುವುದಿಲ್ಲ. ಹಾಗಾಗಿ ಸಲಹೆ ಬರೆಯುವಾಗ 'ದೊಡ್ಡ ಅಪಾಯ' ಅನ್ನುವುದು ತಾನಾಗಿ 'ನಿಭಾಯಿಸಬಹುದಾದ ಅಪಾಯ' ಆಗಿತ್ತು. ಬದಲಿಸೆಂದು ಯಾರೂ ಹೇಳಿರಲಿಲ್ಲ. ಅಂದಿನಿಂದ ಪುಣ್ಯಾತ್ಮನಿಗೆ ನಿದ್ದೆ ಹತ್ತಿರ ಸುಳಿದಿರಲಿಲ್ಲ.

ಚಾಪೆಯ ಮೇಲೆ ಅಡ್ಡಾದ. ಚಿಕ್ಕಂದಿನಿಂದ ಗೊತ್ತಿದ್ದ ಕಾಗದ ಕಾರ್ಖಾನೆಯ ಆ ಹುಳಿವಾಸನೆ ಕಿಟಕಿಯಿಂದ ಬಂದು ಪಕ್ಕದಲ್ಲೇ ಮಲಗಿತು. ಕಣ್ಣು ಅರೆಮುಚ್ಚಿತು. ಕಾರ್ಖಾನೆಯ ಗೇಟಿನಿಂದ ಬಿಳಿ ಕಾಗದ ಹೊಳೆಯಂತೆ ಹರಿದು ಬರುತ್ತಿತ್ತು. ರಸ್ತೆ ದಾಟಿತು, ಭದ್ರೆಯನ್ನೂ ದಾಟಿ ದೂರ ಹೋಗಿ ಹಿಮದ ಗುಡ್ಡವಾಯಿತು. ಅದರ ಮೇಲೆ ಹುಡುಗರು ಸಾಲಾಗಿ ನಡೆಯುತ್ತಿದ್ದರು. ನಿಲ್ಲಿ ಎಂದು ಕೂಗಬೇಕು, ಆದರೆ ದನಿ ಹೊರಡದು. ಸಾಲಿನ ಕೊನೆಯವನು ತಿರುಗಿ ನೋಡಿ, ಚಂದ್ರಹಾಸ ಏನಾದರೂ ಹೇಳಲಿ ಎಂದು ಕಾಯುತ್ತಿದ್ದ.

"ಏಳು, ಅಮ್ಮನ ಗುಡಿಗೆ ಹೋಗಿ ಹೂ ಕೇಳ್ಸೋಣ. ನಿನ್ನ ಮುಖ ನೋಡೋಕಾಗ್ತಿಲ್ಲ," ಎಂದು ಲಿಂಗಮ್ಮ ಎಬ್ಬಿಸಿದಳು.

ಗುಡಿಯ ಪೂಜಾರಿ ಕಲ್ಲಪ್ಪ ಶಾಲೆಯಲ್ಲಿ ಚಂದ್ರಹಾಸನ ಪಕ್ಕವೇ ಕೂರುತ್ತಿದ್ದವನು. ಒದ್ದೆ ಸೇವಂತಿಗೆಯನ್ನು ದೇವಿಯ ಎರಡು ಭುಜಕ್ಕೂ ಅಂಟಿಸಿದ. ಬಲದ ಹೂ ಬಿದ್ದರೆ ಆಗುತ್ತದೆ, ಎಡದ್ದು ಬಿದ್ದರೆ ಇಲ್ಲ.

"ನನ್ನ ತಮ್ಮ ಮನಸಲ್ಲಿಟ್ಕೊಂಡಿರೋ ಕೆಲ್ಸ ಆಗತ್ತಾ ತಾಯಿ?" ಎಂದು ಲಿಂಗಮ್ಮ ಕೈಮುಗಿದಳು.

ಆರತಿ ಎತ್ತುವಷ್ಟರಲ್ಲಿ ಬಲದ ಹೂ ಉದುರಿತು. ಚಂದ್ರಹಾಸನ ಎದೆ ಹಗುರಾಯಿತು. ಇಷ್ಟು ಓದಿದವನು, ಇಷ್ಟು ದೇಶ ಸುತ್ತಿದವನು, ತನ್ನ ಹೊರೆಯನ್ನು ಒಂದು ಹೂವಿನ ಮೇಲೆ ಹಾಕಿ ಖುಷಿಪಟ್ಟ. ಸರಿ, ಇನ್ನೇನು, ಆಗಬಹುದು ಅಂದುಬಿಟ್ಟರಾಯಿತು!

ಮೆಟ್ಟಿಲಿಳಿಯುವಾಗ ಕಲ್ಲಪ್ಪ ಅವನ ಕೈಹಿಡಿದು ದನಿ ತಗ್ಗಿಸಿದ.

"ಬೇರೆಯೋರಿಗೆ ಎರಡೂ ಗಟ್ಟಿಯಾಗೇ ಒತ್ತುತ್ತೀನಿ ಮಾರಾಯ. ನಿಮ್ಮಂಥ ದೊಡ್ಡೋರು ಬಂದಾಗ ಮಾತ್ರ ಬಲಗಡೇದು ಸ್ವಲ್ಪ ಸಡಿಲ ಬಿಡ್ತೀನಿ. ಅಷ್ಟು ದೂರದಿಂದ ಬಂದೋರನ್ನ ಬೇಜಾರು ಮಾಡಿ ಕಳ್ಸೋಕಾಗತ್ತಾ?"

ಎಷ್ಟು ಪ್ರೀತಿಯಿಂದ ಹೇಳಿದನೆಂದರೆ, ಅವನ ಮೇಲೆ ಸಿಟ್ಟು ಮಾಡುವುದಕ್ಕೂ ಜಾಗವಿರಲಿಲ್ಲ. ಚಂದ್ರಹಾಸ ಮೊದಲು ನಕ್ಕ. ಆಮೇಲೆ ಹೊಳೆಯಿತು: ತಾನು ದೆಹಲಿಯಲ್ಲಿ ಮಾಡಿದ್ದೂ ಇದನ್ನೇ. ನಾಚಿಕೆಯಿಂದ ಅವನ ಮುಖ ಕಿವಿಯವರೆಗೂ ಬಿಸಿಯಾಯಿತು.

ಆರಕ್ಕೆ ಫೋನು ಬಡಿದುಕೊಂಡಿತು.

"ಹಾಗಾದರೆ ನಿಮ್ಮ ಒಪ್ಪಿಗೆ ಇದೆ ಅಂದುಕೊಳ್ಳಲೇ?" ಪ್ರಧಾನಿಯ ದನಿ ಸಮಾಧಾನವಾಗಿತ್ತು.

"ಇಲ್ಲ ಸರ್. ಅದು ಬಲೆ. ಹುಡುಗರು ವಾಪಸ್ ಬರೋದಿಲ್ಲ. ನನಗಿದು ಮೊದಲೇ ಅನ್ನಿಸಿತ್ತು. ನಿಮಗೆ ಹಿತವಾಗಲಿ ಅಂತ ಮೆತ್ತಗೆ ಬರೆದೆ. ತಪ್ಪು ನನ್ನದು."

ಅಡುಗೆಮನೆಯಲ್ಲಿ ಹಾಲು ಉಕ್ಕುವ ಸದ್ದು ಕೇಳಿಸಿತು.

"ತೀರ್ಮಾನ ನನ್ನದು," ಎಂದರು ಪ್ರಧಾನಿ ಕೊನೆಗೆ. "ನಾಳೆ ಆಫೀಸಿಗೆ ಬರೋ ಅವಸರವಿಲ್ಲ. ವಿಶ್ರಾಂತಿ ತಗೊಳ್ಳಿ."

ಆ ಮಾತಿನ ಅರ್ಥ ಇಬ್ಬರಿಗೂ ಗೊತ್ತಿತ್ತು. ಅಧಿಕಾರಿ ಫೋನಿನ ವೈರು ಸುತ್ತಿಕೊಂಡ. ಲಿಂಗಮ್ಮ ಗೊಂಬೆಗಳನ್ನು ಮತ್ತೆ ಟೀವಿಯ ಮೇಲೆ ಇಟ್ಟಳು.

ಅಕ್ಕನನ್ನು ಕರೆದುಕೊಂಡು ಚಂದ್ರಹಾಸ ಮತ್ತೆ ಗುಡಿಗೆ ಹೋದ.

"ಕಲ್ಲಪ್ಪ, ನಾನೀಗ ದೊಡ್ಡೋನಲ್ಲ ಕಣೋ. ಎರಡನ್ನೂ ಒಂದೇ ಸಮ ಒತ್ತಿ ಅಂಟಿಸು."

ಕಲ್ಲಪ್ಪ ಅವನ ಮುಖವನ್ನೇ ನೋಡಿ, ಹೂವುಗಳನ್ನು ನೀರಲ್ಲಿ ಅದ್ದಿ ಗಟ್ಟಿಯಾಗಿ ಒತ್ತಿದ. ಆ ಹುಡುಗರು ಗುಡ್ಡ ಹತ್ತದೆ ಉಳಿಯುತ್ತಾರಾ ಎಂದು ಚಂದ್ರಹಾಸ ಮನಸ್ಸಿನಲ್ಲೇ ಕೇಳಿದ. ಯಾವ ಹೂವೂ ಅಲುಗಲಿಲ್ಲ. ಮೂವರೂ ಕಾದು ಕೂತರು. ದೀಪದ ಬೆಳಕು ದೇವಿಯ ಮುಖದ ಮೇಲೆ ತೂಗಾಡುತ್ತಿತ್ತು. ಕಾರ್ಖಾನೆಯಲ್ಲಿ ಪಾಳಿ ಬದಲಾಗುವ ಸೈರನ್ ಕೂಗಿ ನಿಂತಿತು. ಕಂಬಕ್ಕೆ ಒರಗಿ ಕಣ್ಣು ಮುಚ್ಚಿದ್ದ ಚಂದ್ರಹಾಸನಿಗೆ ಹಿಮದ ಗುಡ್ಡ ಮತ್ತೆ ಕಂಡಿತು. ಈ ಸಲ ದನಿ ಹೊರಟಿತು, ಕೊನೆಯವನು ನಿಂತ.

ಹೂವೊಂದು ಟಪ್ಪನೆ ಬಿತ್ತು. ಕಲ್ಲಪ್ಪ ಖುಷಿಯಿಂದ ಬಾಯಿ ತೆರೆಯುವಷ್ಟರಲ್ಲಿ ಲಿಂಗಮ್ಮ ಬೆರಳೆತ್ತಿ ತಡೆದಳು.

"ಎಬ್ಬಿಸ್ಬೇಡ. ಅವನು ಹೇಳೋದು ಹೇಳಿ ಆಗಿದೆ. ಮಲಗ್ಲಿ."