ಗಡಿಬಿಡಿ ಹಲಗೆ ಹಾರಿದ್ದು

ಬೆಳಿಗ್ಗೆ ಆರೂವರೆಗೆ ಗಡಿಬಿಡಿ ಎಂಬ ಹೆಣ್ಣು ಕುದುರೆ, ಯಾರೂ ಹಾರು ಎನ್ನದಿದ್ದರೂ, ಡ್ರೆಸಾಜ್ ಅಂಗಳದ ಬಿಳಿ ಹಲಗೆಯನ್ನು ಹಾರಿ ಆಚೆ ಹೋಯಿತು. ಅದರ ಬೆನ್ನ ಮೇಲೆ ಮನೆಯ ದೊಡ್ಡ ಮಗಳಿದ್ದಳು.

ಹಲಗೆ ಮೊಣಕಾಲೆತ್ತರವೂ ಇರಲಿಲ್ಲ. ಆದರೆ ಡ್ರೆಸಾಜ್ ಎಂದರೆ ಕುದುರೆಯ ಒಂದೊಂದು ನಡೆಯನ್ನೂ ತಿದ್ದಿ ತೀಡಿ ತೋರಿಸುವ ಸ್ಪರ್ಧೆ. ನಾಲ್ಕೂ ಕಾಲು ಗಡಿಯಾಚೆ ಹೋದರೆ ಸವಾರ ಅಲ್ಲಿಗೆ ಔಟು. ದೊಡ್ಡವಳು ಔಟಾಗಿದ್ದಳು.

ಪರೀಕ್ಷೆ ಇಟ್ಟವನು ಅಪ್ಪ, ಲಾಯದ ಯಜಮಾನ. ರೇಸಿನಲ್ಲಿ ಹಿಂದೆ ಬಿದ್ದ ಈ ಕುದುರೆಯನ್ನು ಮೂರು ವಾರದ ಹಿಂದೆ ತಂದು ಕಟ್ಟಿದವನು ಮಾವ, ಅಂದರೆ ಅಮ್ಮನ ತಮ್ಮ, ಹಳೆಯ ಜಾಕಿ. ಕಟ್ಟಿದ ದಿನವೇ ಇಬ್ಬರು ಹೆಣ್ಣುಮಕ್ಕಳೂ ಅದರ ಮೇಲೆ ಕಣ್ಣಿಟ್ಟರು. ಅಡ್ಡಲಾಗಿಟ್ಟ ಕಂಬಗಳ ಮೇಲಿಂದ ಕುದುರೆ ಹಾರಿಸುವ ಚಿಕ್ಕವಳ ಹತ್ತಿರ ಆಗಲೇ ಎರಡು ಕುದುರೆಗಳಿದ್ದವು. ದೊಡ್ಡವಳ ಒಂದೇ ಕುದುರೆ ಕೀಲುನೋವಿನಿಂದ ವಿಶ್ರಾಂತಿಗೆ ಹೋಗಿತ್ತು. ಗಡಿಬಿಡಿ ಕೈತಪ್ಪಿದರೆ ಈ ವರ್ಷ ಅವಳು ಬೇಲಿಯಾಚೆ ನಿಂತು ಚಪ್ಪಾಳೆ ತಟ್ಟಬೇಕು, ಅಷ್ಟೆ.

"ಬೆಳಿಗ್ಗೆ ದೊಡ್ಡವಳು ಕಲಿಸಲಿ, ಸಂಜೆ ಚಿಕ್ಕವಳು. ಮೂರು ವಾರ ಆದ್ಮೇಲೆ ಯಾರ ಪರೀಕ್ಷೆ ಪಾಸಾಗುತ್ತೋ ಕುದುರೆ ಅವರದ್ದು," ಎಂದಿದ್ದ ಅಪ್ಪ. ಒಬ್ಬರ ಪಾಠವನ್ನು ಇನ್ನೊಬ್ಬರು ನೋಡಬಾರದು ಎಂಬ ಆ ಮನೆಯ ಹಳೆಯ ಕಟ್ಟಳೆಯನ್ನೂ ನೆನಪಿಸಿದ್ದ. ನೋಡಿದರೆ ಸಲಹೆ, ಸಲಹೆ ಕೊಟ್ಟರೆ ಜಗಳ. ಹಿಂದೊಮ್ಮೆ ಅಕ್ಕತಂಗಿಯರು ಒಂದು ಲಗಾಮಿನ ಉದ್ದದ ವಿಷಯಕ್ಕೆ ಇಡೀ ಬೇಸಿಗೆ ಮಾತು ಬಿಟ್ಟಿದ್ದರು.

ಹಿಂದಿನ ಸಂಜೆ ಚಹಾದ ಹೊತ್ತಿಗೂ ಅದೇ ರಾಗ.

"ನಿಂದೇನೇ ಅಕ್ಕ, ಒಂದು ಕುದುರೆಗೆ ಏಳು ವರ್ಷ ವಯ್ಯಾರ ಕಲಿಸ್ತೀಯ," ಎಂದಳು ಚಿಕ್ಕವಳು.

"ಹಿಂಗಾಲಿನ ಮೇಲೆ ಭಾರ ಹೊತ್ಕೊಂಡು ನಡೆಯೋ ಶಕ್ತಿ ರಾತ್ರೋರಾತ್ರಿ ಬರಲ್ಲ ಕಣೆ. ನೀನು ವಾರಕ್ಕೆ ಎರಡು ದಿನ ಹಾರಿಸಿ ಮಿಕ್ಕಿದ್ದೆಲ್ಲ ವಾಯುವಿಹಾರ ಮಾಡಿಸ್ತೀಯ."

"ದಿನಾ ಹಾರಿಸಿದ್ರೆ ಮುಂಗಾಲು ಉಳಿಯುತ್ತಾ? ಆ ಮಿಕ್ಕ ದಿನಗಳಲ್ಲೇ ಕಂಬದ ಹತ್ರ ಬರೋ ಹೆಜ್ಜೆ ಲೆಕ್ಕ ಕಲಿಸೋದು."

ಮಾವ ಕೆಮ್ಮಿ ಗಂಟಲು ಸರಿಮಾಡಿಕೊಂಡ. "ನಮ್ಮಲ್ಲಿ ಒಂದೇ ಪಾಠ. ಓಡು. ಲಗಾಮು ಬಿಗಿ ಹಿಡಿದಷ್ಟೂ ಅದಕ್ಕೆ ಆತುಕೊಂಡು ಜೋರಾಗಿ ಓಡುತ್ತೆ. ಶ್ವಾಸ ಬೆಳೆಸಬೇಕು, ತೂಕ ಇಳಿಸಬೇಕು. ಕುದುರೆದಲ್ಲ, ನಂದು! ಹದಿನೆಂಟು ವರ್ಷ ನಾನು ಹೊಟ್ಟೆ ತುಂಬ ಉಂಡವನಲ್ಲ."

"ಈಗ ಬಡ್ಡಿ ಸಮೇತ ವಸೂಲಾಗ್ತಿದೆ," ಎಂದು ಅಪ್ಪ ಬಿಸ್ಕತ್ತಿನ ಡಬ್ಬಿಯನ್ನು ತನ್ನ ಕಡೆ ಎಳೆದುಕೊಂಡ.

ಬೆಳಗಿನ ಪರೀಕ್ಷೆ ಚೆನ್ನಾಗಿಯೇ ಶುರುವಾಗಿತ್ತು. ಮೊದಲ ವಾರ ಲಗಾಮು ಎಳೆದಾಗಲೆಲ್ಲ ಗಡಿಬಿಡಿ ಹೆಸರಿಗೆ ತಕ್ಕಂತೆ ಕಿತ್ತುಕೊಂಡು ಓಡಿತ್ತು. ಎಳೆಯುವ ಬದಲು ಕೈ ಸಡಿಲಿಸಿ, ಬೆನ್ನ ಮೇಲಿನ ತಡಿಯಲ್ಲಿ ಭಾರ ಹಾಕಿ ಕೂತರೆ ಅದು ಮೈ ಒಟ್ಟುಗೂಡಿಸಿ ನಿಧಾನವಾಗುವಂತೆ ದೊಡ್ಡವಳು ಪಳಗಿಸಿದ್ದಳು. ಈಗ ವೃತ್ತ ದುಂಡಗೆ ಬಂತು, ನಿಲುಗಡೆ ನೇರವಾಗಿ ಬಂತು. ಕೊನೆಗೆ ಉಳಿದದ್ದು ಅಂಗಳದ ಅಂಚಿನ ಕಡೆಗೆ, ಪಕ್ಕಕ್ಕೆ ಸರಿಯುತ್ತಾ ಮುಂದೆ ಸಾಗುವ ಓರೆನಡೆ. ಅವಳು ಎಡಗಾಲನ್ನು ತುಸು ಹಿಂದಕ್ಕೆ ತಂದು ಒತ್ತಿದಳು.

ಅವಳಿಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ಪ್ರತಿ ಸಂಜೆ ಚಿಕ್ಕವಳು ಬಿಳಿ ಕಂಬದ ಮುಂದೆ ಕಾಲೊತ್ತಿದರೆ ಅದರ ಅರ್ಥ, ಹಾರು. ಗಡಿಬಿಡಿ ಬಿಳಿ ಹಲಗೆ ನೋಡಿತು, ಕಾಲಿನ ಒತ್ತು ಅರಿಯಿತು, ವಿಧೇಯತೆಯಿಂದ ಹಾರಿತು. ಆಚೆ ಇಳಿದ ಮೇಲೆ ನಾಲ್ಕು ಕಾಲನ್ನೂ ಸಮನಾಗಿಟ್ಟು, ಶಹಬ್ಬಾಸ್‌ಗಿರಿಗೆ ಕಾಯುತ್ತಾ ನಿಂತಿತು.

ಬಕೆಟ್ ಬೋರಲು ಹಾಕಿ ಕೂತಿದ್ದ ಅಪ್ಪ ಬಾಯಿ ತೆರೆದವನು ತೆರೆದಂತೆಯೇ ಇದ್ದ. ಕುದುರೆ ಕೈತಪ್ಪಿತೆಂದು ದೊಡ್ಡವಳಿಗೆ ಅಳು ಬರಬೇಕಿತ್ತು, ಬಂದದ್ದು ನಗು. ಇಪ್ಪತ್ತನೆಯ ವಯಸ್ಸಿನಲ್ಲಿ ಒಮ್ಮೆ ಬಿದ್ದ ಮೇಲೆ ಅವಳು ಒಂದು ಕಡ್ಡಿಯನ್ನೂ ಹಾರಿಸಿದವಳಲ್ಲ. ಈಗ ಹಾರಿದ್ದಳು, ತಡಿಯಲ್ಲೇ ಇದ್ದಳು!

"ನಗ್ತಾಳೆ ನೋಡು! ಔಟು ಕಣೆ ನೀನು!" ಎಂದ ಅಪ್ಪ.

"ಹೂಂ ಅಪ್ಪ, ಔಟು," ಎಂದಳು ಕಣ್ಣೊರೆಸಿಕೊಳ್ಳುತ್ತಾ.

ಸ್ವಲ್ಪ ಹೊತ್ತು ಬಿಟ್ಟು ಚಿಕ್ಕವಳು ಅದೇ ಕುದುರೆ ಏರಿ ಪಕ್ಕದ ಅಂಗಳಕ್ಕಿಳಿದಳು. ಎಂಟು ಕಂಬ. ಗಡಿಬಿಡಿ ಒಂದನ್ನೂ ಬೀಳಿಸಲಿಲ್ಲ. ಆದರೆ ಪ್ರತಿ ಸಲ ಇಳಿದ ಮೇಲೆ, ತಿರುವಿಗೆಂದು ಚಿಕ್ಕವಳು ತಡಿಯಲ್ಲಿ ಒತ್ತಿ ಕೂತೊಡನೆ, ಅದು ಓಟ ಬಿಟ್ಟು ಕತ್ತು ಬಾಗಿಸಿ ಗತ್ತಿನಿಂದ ನಡೆಯತೊಡಗಿತು.

"ಹೋಗೇ! ಹೋಗೇ ಮಾರಾಯ್ತಿ!" ಎಂದು ಚಿಕ್ಕವಳು ಕೂಗಿದಷ್ಟೂ ಅದರ ನಡೆ ಇನ್ನಷ್ಟು ಅಂದವಾಯಿತು. ಕೊಟ್ಟ ಸಮಯದ ದುಪ್ಪಟ್ಟು ದಾಟಿದರೆ ಹಾರುವ ಸ್ಪರ್ಧೆಯಲ್ಲೂ ಔಟೇ. ಅಪ್ಪ ಗಡಿಯಾರ ಎತ್ತಿ ತೋರಿಸಿದ.

"ಅಯ್ಯೋ, ನನ್ನ ರೇಸ್ ಕುದುರೇನ ಇಬ್ರೂ ಸೇರಿ ಹಾಳು ಮಾಡಿದ್ರಲ್ಲೇ!" ಎಂದು ಮಾವ ಬೇಲಿ ಹಿಡಿದುಕೊಂಡು ನಕ್ಕ. "ಭಾವ, ಇದೀಗ ಯಾರಿಗೂ ಬೇಡದ ಕುದುರೆ ಆಯ್ತು ನೋಡಿ."

"ನಂಗೆ ಬೇಕು," ಎಂದಳು ದೊಡ್ಡವಳು.

"ಸೋತವಳಿಗೆ ಯಾವ ಲೆಕ್ಕದಲ್ಲಿ?" ಅಪ್ಪ ಹುಬ್ಬೇರಿಸಿದ.

"ಮೂರು ದಿನದ ಸ್ಪರ್ಧೆಗೆ. ಒಂದು ದಿನ ಡ್ರೆಸಾಜ್, ಒಂದು ದಿನ ಬಯಲಲ್ಲಿ ದೌಡು, ಒಂದು ದಿನ ಕಂಬ. ಮೂರೂ ಅರ್ಧರ್ಧ ಬರೋ ಕುದುರೆ ಇದೊಂದೇ."

ಚಿಕ್ಕವಳು ಇಳಿದು ಹತ್ತಿರ ಬಂದಳು. "ಬಯಲಲ್ಲಿ ಮರದ ದಿಮ್ಮಿ ಇರುತ್ತೆ ಅಕ್ಕ. ಕಾಲು ತಾಗಿದ್ರೆ ಬೀಳೋ ಕಂಬ ಅಲ್ಲ ಅದು. ನೀನು ಹಾರಿಸ್ತೀಯಾ?"

"ನೀನು ಕಲಿಸು."

ಚಿಕ್ಕವಳು ಅಪ್ಪನ ಮುಖ ನೋಡಿದಳು, ಮಾವನ ಮುಖ ನೋಡಿದಳು. ಅಕ್ಕನ ಬಾಯಿಂದ ಆ ಮಾತು ಅವಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

"ಬೈತೀನಿ, ನೋಡು."

"ಬೈಯಿ. ಆದ್ರೆ ಬೆಳಿಗ್ಗೆ ಬಂದು ನನ್ನ ಪಾಠಾನೂ ನೋಡ್ಬೇಕು."

"ದೌಡಿನ ದಿನಕ್ಕೆ ಶ್ವಾಸ ಬೆಳೆಸೋದು ನಂಗೆ ಬಿಡಿ," ಎಂದ ಮಾವ, ಯಾರೂ ಕೇಳುವ ಮೊದಲೇ.

ಅಪ್ಪ ಎದ್ದು ಬಕೆಟ್ ಕೈಗೆತ್ತಿಕೊಂಡ. "ಸರಿ. ಕಟ್ಟಳೆ ರದ್ದು. ಜಗಳ ಆದ್ರೆ ಮೂವರೂ ಲಾಯ ಗುಡಿಸ್ಬೇಕು."

ಮೊದಲ ತಿಂಗಳಲ್ಲಿ ಮೂವರೂ ನಾಲ್ಕು ಸಲ ಲಾಯ ಗುಡಿಸಿದರು. ಆ ವರ್ಷದ ಮೊದಲ ಮೂರು ದಿನದ ಸ್ಪರ್ಧೆಯಲ್ಲಿ ದೊಡ್ಡವಳು ಗಡಿಬಿಡಿಯ ಮೇಲೆ ಎಲ್ಲ ದಿಮ್ಮಿಗಳನ್ನೂ ದಾಟಿ, ಇಪ್ಪತ್ತಾರು ಸವಾರರಲ್ಲಿ ಹನ್ನೊಂದನೆಯವಳಾಗಿ ಬಂದಳು.