ಬುಲ್‌ಬುಲ್ ಬೇಕೋ, ಕಾಳಭೈರಿ ಬೇಕೋ

ಇಚಲಕರಂಜಿಯ ಬಾಳಾಸಾಹೇಬರ ಬಟ್ಟೆ ಅಂಗಡಿಯಲ್ಲಿ, ಮದುವೆ ಸೀರೆಗಳ ಗಾದಿಯ ಎದುರಿಗೆ, ಎರಡು ಗೋಳಿ ಮಷಿನುಗಳು ಅಕ್ಕಪಕ್ಕ ನಿಂತಿದ್ದವು. ನಾಣ್ಯ ಹಾಕಿ ಹಿಡಿಕೆ ತಿರುವಿದರೆ ಒಂದು ಮುಷ್ಟಿ ಪೆಪ್ಪರಮಿಂಟು ಕೆಳಗಿನ ಬಾಯಿಗೆ ಬಂದು ಬೀಳುವಂಥವು. ಎರಡರಲ್ಲಿ ಯಾವ ಕಂಪನಿಯದು ಬೇಕು ಅನ್ನೋದನ್ನ ಸುವರ್ಣಾ ಆವತ್ತು ಸಂಜೆಯೊಳಗೆ ಹೇಳಬೇಕಿತ್ತು.

ಪವರ್‌ಲೂಮ್ ಕಾರಖಾನೆಯಲ್ಲಿ ಲಾಳಿಯ ಕಾಂಡಿಗೆ ನೂಲು ಸುತ್ತಿ ಸುತ್ತಿ ಅವಳ ಎದೆಯೊಳಗೆ ಹತ್ತಿಯ ಧೂಳು ಕೂತಿತ್ತು. ಆ ಕೆಲಸ ಬಿಡು ಅಂತ ಡಾಕ್ಟರು ಹೇಳಿ ವರ್ಷವಾಗಿತ್ತು. ಹಬ್ಬಕ್ಕೆಂದು ಈ ಅಂಗಡಿಗೆ ಬಂದಾಗ, ಹೆಂಗಸರು ತಾಸುಗಟ್ಟಲೆ ಸೀರೆ ಆರಿಸುವುದನ್ನೂ, ಬೇಸತ್ತ ಮಕ್ಕಳು ಸೆರಗು ಜಗ್ಗಿ ಅಳುವುದನ್ನೂ ನೋಡಿ ಅವಳಿಗೆ ಇಲ್ಲಿ ಗೋಳಿ ಮಷಿನು ಇಟ್ಟು ದುಡಿಯುವ ವಿಚಾರ ಹೊಳೆದಿತ್ತು. ಬಾಳಾಸಾಹೇಬರು ಒಪ್ಪಿದರು. ಇಲ್ಲಲ್ಲದೆ ತಮ್ಮ ಶಿರೋಳದ ಅಂಗಡಿಯಲ್ಲೂ ಜಾಗ ಕೊಡುವೆನೆಂದರು. "ಆದ್ರ ತಕರಾರ ಬರಬಾರ್ದ ನೋಡವಾ. ಎರಡೂ ಕಡೆ ಒಂದ ಕಂಪನಿದ ಇರ್ಲಿ," ಅಂದರು.

ಕಾಳಭೈರಿ ಅನ್ನೋದು ಗಡಹಿಂಗ್ಲಜದ ಕೇದಾರಿ ಎಂಬವನ ವರ್ಕ್‌ಶಾಪಿನಲ್ಲಿ ತಯಾರಾದದ್ದು. ಕೆಂಪು ಬಣ್ಣ ಬಳಿದ ಕಬ್ಬಿಣದ ಮೈ, ದಪ್ಪ ಗಾಜು. ಹಿಡಿಕೆ ಎಷ್ಟು ಬಿಗಿಯೆಂದರೆ ಸಣ್ಣ ಮಕ್ಕಳು ಎರಡೂ ಕೈ ಹಚ್ಚಬೇಕು. ಹೋದ ವಾರ ಎಸ್‌ಟಿ ಬಸ್ಸು ಹತ್ತಿ ಅಲ್ಲಿಗೆ ಹೋಗಿ ಸುವರ್ಣಾ ಮಷಿನಿನ ಮಾತು ಎತ್ತಿದರೆ, ಕೇದಾರಿ ಮುಖ ಕೂಡ ಎತ್ತಿರಲಿಲ್ಲ. "ಬೇಕಾದ್ರ ತಗೋರಿ, ಇಲ್ಲಾಂದ್ರ ಬಿಡ್ರಿ," ಅಂದಿದ್ದ. ಆದರೂ ನೋಡಲಿಕ್ಕೆಂದು ಒಂದನ್ನು ಟೆಂಪೋದಲ್ಲಿ ಕಳಿಸಿದ್ದ.

ಬುಲ್‌ಬುಲ್ ಹಾಗಲ್ಲ. ಹಿಡಿಕೆ ಮುಟ್ಟಿದರೆ ಸಾಕು, ದೀಪ ಮಿನುಗುತ್ತಿತ್ತು, ಒಳಗಿನಿಂದ ಹಕ್ಕಿ ಹಾಡುತ್ತಿತ್ತು. ಅದರ ಏಜೆನ್ಸಿ ಕೊಲ್ಹಾಪುರದ ಹರ್ಷದನದು. ಹರ್ಷದನೆಂದರೆ ಸುವರ್ಣಾಳ ತಂಗಿ ಪ್ರೇರಣಾಳನ್ನು ಮದುವೆಯಾಗಲಿರುವ ಹುಡುಗ. ನಿಶ್ಚಯದ ಸಾಖರಪುಡಾ ಆಗಿ, ಉಂಗುರ ತೊಡಿಸಿ, ದೀಪಾವಳಿಯ ಆಚೆಗೆ ಮುಹೂರ್ತವೂ ಗೊತ್ತಾಗಿತ್ತು. ಹೀಗಾಗಿ ಮನೆಯಲ್ಲಿ ಯಾರಿಗೂ ಇದು ಆರಿಸುವ ಮಾತೇ ಆಗಿರಲಿಲ್ಲ. "ನಮ್ಮ ಅಳಿಯಾ ಇದ್ದಾಗ ಗಡಹಿಂಗ್ಲಜಕ್ಕ ಯಾಕ ಹೋಗಿದ್ದಿ?" ಅಂತ ತಾಯಿ ಚೆನ್ನವ್ವ ಬೈದಿದ್ದಳು.

ಆ ಐತವಾರ ಮಧ್ಯಾಹ್ನ ಹರ್ಷದ ತಾನೇ ವ್ಯಾನು ನಡೆಸಿಕೊಂಡು ಬಂದಿದ್ದ. ಪ್ರೇರಣಾ ಅವನ ಪಕ್ಕದಲ್ಲಿ ನಿಂತು ನಗುತ್ತಿದ್ದಳು.

"ಒತ್ತಾಯ ಇಲ್ರಿ ಅಕ್ಕಾರ," ಅಂದ ಹರ್ಷದ. "ಹುಡುಗೂರು ಯಾವದರ ಕಡೆ ಓಡ್ತಾರ, ಅದನ್ನಷ್ಟ ನೋಡ್ರಿ."

ಹುಡುಗರು ಬುಲ್‌ಬುಲ್ ಕಡೆಗೇ ಓಡಿದರು. ಎಲ್ಲರಿಗಿಂತ ಮುಂದೆ ಸುವರ್ಣಾಳ ಮಗಳು, ಐದು ವರ್ಷದ ಪ್ರಣಾಲಿ. ಬಾಳಾಸಾಹೇಬರು ಮೀಸೆಯೊಳಗೇ ನಕ್ಕರು. ಸುವರ್ಣಾಳಿಗೂ ಮನಸ್ಸು ಹಗುರಾಯಿತು. ಆಯಿತು, ಬುಲ್‌ಬುಲ್ಲೇ ಇರಲಿ, ತಂಗಿಗೂ ಸಂತೋಷ ಅಂದುಕೊಂಡು ಅವಳು ಬಾಯಿ ತೆರೆಯುವಷ್ಟರಲ್ಲಿ ಪ್ರಣಾಲಿ ಕಿಟಾರನೆ ಕಿರುಚಿಕೊಂಡಳು.

ಗೋಳಿ ಬೀಳದೆ ಒಳಗೇ ಸಿಕ್ಕಿತ್ತು. ಕೂಸು ಅದನ್ನು ಜಗ್ಗಲಿಕ್ಕೆಂದು ಮಷಿನಿನ ಬಾಯೊಳಗೆ ಕೈ ಹಾಕಿತ್ತು. ಯಾರೂ ಗೋಳಿ ಕದಿಯಬಾರದೆಂದು ಒಳಗೊಂದು ತಗಡಿನ ಕದವಿತ್ತು. ಒಳಗೆ ಹೋಗುವ ಕೈಗೆ ಅದು ಸರಿದು ದಾರಿ ಬಿಟ್ಟಿತು. ಹೊರಗೆ ಬರುವ ಕೈಯನ್ನು ಇಲಿಬೋನಿನ ಹಾಗೆ ಕಚ್ಚಿ ಹಿಡಿಯಿತು.

"ಅವ್ವಾ! ಕೈ! ಅವ್ವಾ!"

ಸುವರ್ಣಾ ಓಡಿಬಂದು ಮಗಳನ್ನು ತಬ್ಬಿದಳು. ಕೈ ಜಗ್ಗಿದರೆ ಕದ ಇನ್ನಷ್ಟು ಆಳಕ್ಕೆ ಒತ್ತುತ್ತಿತ್ತು. "ಜಗ್ಗಬ್ಯಾಡ, ಜಗ್ಗಬ್ಯಾಡ," ಅಂತ ಯಾರೋ ಕೂಗಿದರು. ಯಾರೋ ಎಣ್ಣೆ ತನ್ನಿ ಅಂದರು, ಇನ್ಯಾರೋ ಮಷಿನು ಒಡೀರಿ ಅಂದರು. ಬಾಳಾಸಾಹೇಬರು ಗಾದಿಯಿಂದ ಜಿಗಿದು ಬಂದು, "ಅಗ, ಪೋರೀಚಾ ಹಾತ!" ಅಂತ ಮರಾಠಿಯಲ್ಲಿ, ಹುಡುಗಿಯ ಕೈ ಅಂತ, ಕೂಗುತ್ತ ಗಾಬರಿಯಲ್ಲಿ ಬಟ್ಟೆ ಅಳೆಯುವ ಗಜವನ್ನೇ ಎತ್ತಿಕೊಂಡರು. ಒಳಗಿಂದ ಹಕ್ಕಿ ಇನ್ನೂ ಹಾಡುತ್ತಲೇ ಇತ್ತು. ಪ್ರಣಾಲಿಯ ಮಣಿಕಟ್ಟು ನೀಲಿಗಟ್ಟುತ್ತಿದ್ದುದನ್ನು ಸುವರ್ಣಾ ಕಣ್ಣಾರೆ ಕಂಡಳು.

"ಸರೀರಿ, ಎಲ್ಲಾರೂ ಸರೀರಿ!"

ಹರ್ಷದ ಮಂಡಿಯೂರಿ ಕೂತ. ಜೇಬಿನಿಂದ ಕೀಲಿಗೊಂಚಲು ತೆಗೆದ. ಅದರಲ್ಲಿ ತುದಿ ಬಾಗಿಸಿದ ಒಂದು ತಂತಿ ಇತ್ತು. ಮಷಿನಿನ ಕಡೆ ನೋಡದೆ, ಕೂಸಿನ ಮುಖವನ್ನೇ ನೋಡುತ್ತ, "ಏನಿಲ್ಲ ರಾಜಾ, ಏನಿಲ್ಲ," ಅನ್ನುತ್ತ, ಮಷಿನಿನ ಬಾಯಿಯ ಎಡಮೂಲೆಯಲ್ಲಿ ತಂತಿ ತೂರಿಸಿ ಮೇಲಕ್ಕೆ ಎತ್ತಿದ. ಟಕ್ ಅಂದಿತು. ಕೈ ಹೊರಗೆ ಬಂತು.

ಅಂಗಡಿ ತುಂಬ ನಿಟ್ಟುಸಿರು. ಚರ್ಮ ತರಚಿ ರಕ್ತ ಒಸರಿತ್ತು, ಮೂಳೆಗೆ ಏನೂ ಆಗಿರಲಿಲ್ಲ, ಬೆರಳೆಲ್ಲ ಆಡುತ್ತಿದ್ದವು. ಒಬ್ಬ ಹೆಂಗಸು ಹರ್ಷದನ ತಲೆಗೆ ಕೈ ಸವರಿ ದೃಷ್ಟಿ ತೆಗೆದಳು. ಬಾಳಾಸಾಹೇಬರು ಬೆನ್ನು ತಟ್ಟಿ, "ಭಾಳ ಹುಷಾರ ಅದೀಯಪಾ," ಅಂದರು. ಪ್ರೇರಣಾಳ ಕಣ್ಣುಗಳು ಹೆಮ್ಮೆಯಿಂದ ತುಂಬಿ ಬಂದಿದ್ದವು.

ಸುವರ್ಣಾ ಮಾತ್ರ ಮಗಳನ್ನು ಎದೆಗವಚಿಕೊಂಡು ಆ ತಂತಿಯನ್ನೇ ನೋಡುತ್ತಿದ್ದಳು. ತಂತಿ ಸವೆದು ಹೊಳೆಯುತ್ತಿತ್ತು. ಈ ಒಂದು ಕೆಲಸಕ್ಕಲ್ಲದೆ ಮತ್ಯಾವುದಕ್ಕೂ ಅದನ್ನು ಬಾಗಿಸಿರಲಿಲ್ಲ.

ಮಗಳ ಕೈಗೆ ಪಟ್ಟಿ ಕಟ್ಟಿ, ಅವಳನ್ನು ಪ್ರೇರಣಾಳ ತೊಡೆಯ ಮೇಲೆ ಕೂರಿಸಿ, ಚಾದರುಗಳ ರಾಶಿಯ ಹಿಂದೆ ಅವಳು ಹರ್ಷದನನ್ನು ಕರೆದಳು.

"ಪಾವ್ಣೇರ, ಎಷ್ಟ ಮಂದಿ ಹುಡುಗೂರ ಕೈ ಸಿಕ್ಕಾವ ಇದರಾಗ?"

ಹರ್ಷದ ನಗಲು ನೋಡಿದ, ಆಗಲಿಲ್ಲ. "ಅಕ್ಕಾರ, ಯಾವಾಗರೆ ಒಮ್ಮೆ ಆಗ್ತೈತ್ರಿ. ಸ್ಪ್ರಿಂಗ್ ಬಿರಸ ಅದಾವು. ಹೊಸಾವು ಕಳಸ್ತೇವಿ ಅಂತ ಕಂಪನಿಯವ್ರು ಹೇಳ್ಯಾರ. ಬಂದ ಕೂಡ್ಲೆ ಬದಲಿ ಮಾಡ್ತೇನಿ."

"ಅಲ್ಲೀತನಾ?"

"ಅಲ್ಲೀತನಾ ನಾ ಅದೇನಲ್ರಿ." ಅವನು ದನಿ ತಗ್ಗಿಸಿದ. "ಈಗ ಎಲ್ಲಾ ತಗದ್ರ ನನ್ನ ಏಜೆನ್ಸೀನ ಹೋಗ್ತೈತಿ. ಮದುವಿ ಹತ್ರ ಬಂತು. ನಿಮ್ಮ ತಂಗಿದ ಬಾಳೇವ ನೋಡ್ರಿ. ನೀವು ಬಾಯಿ ತಗದ್ರ ನನಗಷ್ಟ ಅಲ್ಲ, ಆಕೀಗೂ ತ್ರಾಸ."

ತಂಗಿಯ ಬಾಳ್ವೆ ಅನ್ನೋ ಮಾತು ಸುವರ್ಣಾಳ ಎದೆಯ ಮೇಲೆ ಕಲ್ಲಿಟ್ಟ ಹಾಗಿತ್ತು. ಸುಮ್ಮನೆ ಕಾಳಭೈರಿ ತಗೊಂಡು, ಹಿಡಿಕೆ ಗಟ್ಟಿಮುಟ್ಟು ಐತಿ ಅಂತ ಏನಾದರೂ ನೆಪ ಹೇಳಿದರೆ ಮುಗಿಯುತ್ತಿತ್ತು. ತಾನು ಮಷಿನು ಇಡುವ ಅಂಗಡಿಗಳಲ್ಲಿ ಯಾವ ಕೂಸಿನ ಕೈಯೂ ಸಿಗುತ್ತಿರಲಿಲ್ಲ. ಆದರೆ ಕೊಲ್ಹಾಪುರದ ಅಂಗಡಿಗಳಲ್ಲಿ ಹರ್ಷದನ ಬುಲ್‌ಬುಲ್‌ಗಳು ನಿಂತೇ ಇದ್ದವು. ಅಲ್ಲಿ ತಂತಿ ಹಿಡಿದು ಯಾರು ಕಾಯುತ್ತಾರೆ?

ಅಷ್ಟರಲ್ಲಿ ಬಾಳಾಸಾಹೇಬರು ಕೂಗಿದರು. "ಸುವರ್ಣಾ, ಏನ ಮಾಡ್ತಿ? ಬುಲ್‌ಬುಲ್ ಇಡೂದೇನ?"

ಅವಳು ಹೊರಗೆ ಬಂದಳು. ಎಲ್ಲರೂ ಅವಳ ಮುಖ ನೋಡುತ್ತಿದ್ದರು.

"ಬ್ಯಾಡ್ರಿ ಮಾಲಕರ. ನನಗ ಕಾಳಭೈರಿ ಇರ್ಲಿ."

ಪ್ರೇರಣಾ ಕೂಸನ್ನು ಕೆಳಗಿಳಿಸಿ ದಿಗ್ಗನೆ ಎದ್ದಳು. "ಅಕ್ಕಾ! ಅವ್ರು ಈಗಷ್ಟ ನಿನ್ನ ಮಗಳ ಕೈ ಉಳಿಸ್ಯಾರ. ಎಲ್ಲಾರ ಮುಂದ ಹಿಂಗ ಮಾನಾ ಕಳೀತಿಯಲ್ಲ, ನನ್ನ ಮ್ಯಾಲೆ ಏನ ಸಿಟ್ಟು ನಿನಗ?"

"ಸಿಟ್ಟಲ್ಲವಾ."

"ಮತ್ತೇನ?"

ಸುವರ್ಣಾ ಹರ್ಷದನ ಕಡೆ ನೋಡಿದಳು. ಅವನು ಸಣ್ಣಗೆ ತಲೆ ಅಲ್ಲಾಡಿಸಿ ಬೇಡ ಅಂದ. ಪ್ರಣಾಲಿ ಬಿಳಿ ಪಟ್ಟಿಯ ಕೈಯನ್ನು ಎತ್ತಿ ಹಿಡಿದುಕೊಂಡು ಬಿಕ್ಕುತ್ತಿದ್ದಳು.

"ಅವ್ರಿಗೆ ಮದ್ಲ ಗೊತ್ತಿತ್ತು ಪ್ರೇರಣಾ," ಅಂದುಬಿಟ್ಟಳು. "ಬ್ಯಾರೆ ಹುಡುಗೂರ ಕೈನೂ ಸಿಕ್ಕಾವ. ಅದಕ್ಕ ತಂತಿ ಕಿಸೇದಾಗ ಇಟಗೊಂಡ ಅಡ್ಡಾಡ್ತಾರ."

"ಹಂಗೇನಿಲ್ಲ," ಅಂದ ಹರ್ಷದ. "ಅಕ್ಕಾರ ಗಾಬರಿ ಆಗ್ಯಾರ. ಯಾವ ಹುಡುಗರ ಕೈನೂ ಸಿಕ್ಕಿಲ್ಲ."

ಪ್ರೇರಣಾ ಅಕ್ಕನನ್ನು ನೋಡಿದಳು, ಅವನನ್ನು ನೋಡಿದಳು. ಆಮೇಲೆ ಬುಲ್‌ಬುಲ್ ಹತ್ತಿರ ಹೋಗಿ, ಹಸಿರು ಬಳೆಗಳನ್ನು ಮೊಣಕೈ ಕಡೆಗೆ ಸರಿಸಿ, ಬೆರಳುಗಳನ್ನು ಕೂಡಿಸಿ ಮಷಿನಿನ ಬಾಯೊಳಗೆ ತುರುಕಿದಳು.

"ಏ ಹುಚ್ಚಿ!" ಅಂತ ಸುವರ್ಣಾ ಧಾವಿಸುವಷ್ಟರಲ್ಲಿ ಒಳಗಿನ ಕದ ಕಚ್ಚಿಕೊಂಡಿತ್ತು. ನೋವಿಗೆ ಪ್ರೇರಣಾಳ ಮುಖ ಕಿವುಚಿತು. ಹರ್ಷದ ತಂತಿ ಹಿಡಿದು ಬಗ್ಗಿದ. ಅವಳು ಇನ್ನೊಂದು ಕೈಯಿಂದ ಅವನನ್ನು ತಡೆದಳು.

"ಮುಟ್ಟಬ್ಯಾಡ್ರಿ. ಮದ್ಲ ಖರೇ ಹೇಳ್ರಿ."

"ಪ್ರೇರಣಾ, ರಕ್ತ ಬರಾಕತ್ತೈತಿ."

"ಬರ್ಲಿ. ಸಣ್ಣ ಹುಡುಗೂರ್ದು ಬಂದೈತೋ ಇಲ್ಲೋ, ಅದನ್ನ ಹೇಳ್ರಿ."

ಅವನು ಬಾಳಾಸಾಹೇಬರ ಕಡೆ ನೋಡಿದ, ಗಿರಾಕಿಗಳ ಕಡೆ ನೋಡಿದ. ಅವಳ ಬೆರಳಿನಿಂದ ಒಂದು ಹನಿ ತಗಡಿನ ಮೇಲೆ ಇಳಿದು ನೆಲಕ್ಕೆ ಬಿತ್ತು. ಅವನ ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು.

"ಬಂದೈತಿ," ಅಂದ ಕೊನೆಗೆ, ನೆಲ ನೋಡುತ್ತ. "ನಾಕೈದ ಸಲ ಆಗೇತಿ. ಒಂದ ಹುಡುಗಗ ಹೊಲಿಗಿ ಹಾಕ್ಯಾರ."

"ಈಗ ತಗೀರಿ," ಅಂದಳು.

ಟಕ್ ಅಂದಿತು. ಅವಳು ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಅಳಲಿಲ್ಲ. "ಕೊಲ್ಹಾಪುರದಾಗ ಎಲ್ಲೆಲ್ಲಿ ಇಟ್ಟೀರಿ, ನಡೀರಿ. ಈಗ ತಗಿಯೂಣು. ಅಕ್ಕಾ, ನೀನೂ ಬಾ."

ಪ್ರಣಾಲಿಯನ್ನು ಮನೆಗೆ ಬಿಟ್ಟು ಮೂವರೂ ವ್ಯಾನಿನಲ್ಲಿ ಹೊರಟರು. ದಾರಿಯುದ್ದಕ್ಕೂ ಕಬ್ಬಿನ ಹೊಲಗಳು ಹಿಂದೆ ಸರಿಯುತ್ತಿದ್ದವು. ಐತವಾರ, ಹೊತ್ತು ಇಳಿಯುವಾಗ ಹುಡುಗರೆಲ್ಲ ಹೊರಗೆ ಬರುವ ವೇಳೆ ಅನ್ನೋದೊಂದೇ ಸುವರ್ಣಾಳ ತಲೆಯಲ್ಲಿತ್ತು. ಸಿಗ್ನಲಿನಲ್ಲಿ ನಿಂತಾಗಲೆಲ್ಲ ಅವಳು ಸೀಟಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದಳು.

ಜ್ಯೂಸ್ ಅಂಗಡಿಯದು, ಆಟಿಕೆ ಸಾಮಾನಿನ ಅಂಗಡಿಯದು, ಒಂದು ಖಾನಾವಳಿಯದು, ಒಂದೊಂದಾಗಿ ವ್ಯಾನಿಗೆ ಏರಿದವು. ಮಷಿನು ಕೆಟ್ಟೈತಿ ಅಂತ ಹರ್ಷದ ಎಲ್ಲ ಕಡೆ ಹೇಳಿದ. ಪ್ರೇರಣಾ ಕೇಳಿಸಿಕೊಂಡಳು. ಕಟ್ಟಕಡೆಗೆ ಉಳಿದದ್ದು ರಂಕಾಳಾ ಕೆರೆಯ ದಂಡೆಯ ಐಸ್‌ಕ್ರೀಮ್ ಅಂಗಡಿಯದು. ಅಲ್ಲಿ ಜಾತ್ರೆಯಷ್ಟು ಮಂದಿ. ಬುಲ್‌ಬುಲ್ ಮುಂದೆ ಹುಡುಗರ ಸಾಲು. ಮುಂದಿದ್ದ ಸಣ್ಣ ಹುಡುಗಿ ಆಗಲೇ ಹಿಡಿಕೆ ತಿರುವಿ, ಗೋಳಿ ಬೀಳದ್ದಕ್ಕೆ ಬಗ್ಗಿ ಬಾಯೊಳಗೆ ಇಣುಕುತ್ತಿದ್ದಳು.

ಸುವರ್ಣಾ ಓಡಿದಳು. ಎದೆ ಉಬ್ಬಸ ಬಂದು ಕೂಗಲಿಕ್ಕೆ ಆಗಲಿಲ್ಲ. ಮಂದಿಯನ್ನು ತಳ್ಳಿಕೊಂಡು ಹೋಗಿ ಆ ಹುಡುಗಿಯ ರಟ್ಟೆ ಹಿಡಿದಾಗ ಬೆರಳ ತುದಿ ತಗಡಿಗೆ ತಾಗಿತ್ತಷ್ಟೆ. ಹುಡುಗಿ ಹೆದರಿ ಅತ್ತಳು, ಅವಳ ತಾಯಿ ಬೈಯತೊಡಗಿದಳು. ಅಂಗಡಿಯವನು ಬಂದು, ಗಿರಾಕಿ ಇರುವ ಹೊತ್ತಿನಲ್ಲಿ ಮಷಿನು ತೆಗೆಯಲು ಬಿಡುವುದಿಲ್ಲ, ನಾಳೆ ಬನ್ನಿ ಅಂದ. ಕೆಟ್ಟಿದ್ದರೆ ಕೆಟ್ಟದ್ದೇ ನಿಲ್ಲಲಿ, ದೀಪ ಚಂದ ಕಾಣುತ್ತದೆ ಅಂದ.

ಹರ್ಷದ ಪ್ರೇರಣಾಳ ಕಡೆ ತಿರುಗಿದ. ಅವಳು ಸುತ್ತಿದ ಕೈಯನ್ನು ಹಿಡಿದುಕೊಂಡು ನಿಂತಿದ್ದಳು. ಅವನು ಒಂದು ಗಳಿಗೆ ಕಣ್ಣು ಮುಚ್ಚಿದ. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಮರಾಠಿಯಲ್ಲಿ ಕೂಗಿ ಹೇಳಿದ: "ಹ್ಯಾತ ಪೋರಾಂಚಾ ಹಾತ ಅಡಕತೋಯ! ಮಲಾ ಮಾಹೀತ ಹೋತಂ!" ಇದರಲ್ಲಿ ಮಕ್ಕಳ ಕೈ ಸಿಗುತ್ತದೆ, ಅದು ನನಗೆ ಗೊತ್ತಿತ್ತು.

ತಾಯಂದಿರು ಮಕ್ಕಳನ್ನು ಹಿಂದಕ್ಕೆ ಎಳೆದುಕೊಂಡರು. ಯಾರೋ ಅವನ ಕೊರಳಪಟ್ಟಿಗೆ ಕೈ ಹಾಕಿದರು, ಒಂದು ಏಟೂ ಬಿತ್ತು. ಅವನು ಎದುರು ಕೈ ಎತ್ತಲಿಲ್ಲ. ಮಷಿನನ್ನು ತಬ್ಬಿ ಎತ್ತಿ ತಾನೇ ವ್ಯಾನಿನ ತನಕ ಹೊತ್ತ.

ಅಕ್ಕ ತಂಗಿ ಎಸ್‌ಟಿಯಲ್ಲಿ ವಾಪಸಾದರು. ಸುವರ್ಣಾ ತಂಗಿಯ ಕೈ ಹಿಡಿಯಲು ಹೋಗಿ, ಗಾಯ ನೆನಪಾಗಿ ಮೊಣಕೈ ಹಿಡಿದಳು.

"ನನ್ನ ಮ್ಯಾಲೆ ಸಿಟ್ಟದೀಯೇನ?"

"ಹೌದು," ಅಂದಳು ಪ್ರೇರಣಾ. "ಅವ್ರು ಕಡೀಕ ಖರೇ ಹೇಳಿದ್ರು. ಅದಕ್ಕ ಮನಸು ಕರಗತೈತಿ. ಆದ್ರ ನಾ ಕೈ ಹಾಕದ ಇದ್ರ ಹೇಳ್ತಿದ್ರೇನ ಅಕ್ಕಾ? ನಾಳೆ ಮನ್ಯಾಗ ಒಂದೊಂದ ಖರೇಕ್ಕೂ ನಾ ಹಿಂಗ ಕೈ ಕೊಡಬೇಕೇನ?"



ಏಜೆನ್ಸಿ ಹೋಯಿತು. ಹರ್ಷದ ಪ್ರೇರಣಾಳನ್ನು ಕಾಣಲಿಕ್ಕೆಂದು ಎರಡು ಸಲ ಇಚಲಕರಂಜಿಗೆ ಬಂದ. ಚೆನ್ನವ್ವ ಅತ್ತು ಕರೆದು, ಮಾತು ಬಿಟ್ಟು, ಹಿರಿಯ ಮಗಳ ಮನೆಯ ನೀರು ಮುಟ್ಟುವುದಿಲ್ಲವೆಂದು ಆಣೆ ಹಾಕಿದಳು. ಬಾಳಾಸಾಹೇಬರ ಎರಡೂ ಅಂಗಡಿಗಳಲ್ಲಿ ಕಾಳಭೈರಿ ನಿಂತಿತು. ಮಕ್ಕಳು ಎರಡೂ ಕೈ ಹಚ್ಚಿ, ಒಬ್ಬರಿಗೊಬ್ಬರು ಜೊತೆಯಾಗಿ ಅದರ ಹಿಡಿಕೆ ತಿರುವುತ್ತಿದ್ದರು.

ಮುಹೂರ್ತಕ್ಕೆ ಹದಿನೈದು ದಿನ ಇದ್ದಾಗ, ಒಂದು ಬೆಳಿಗ್ಗೆ ಪ್ರೇರಣಾ ಯಾರಿಗೂ ಹೇಳದೆ ಕೊಲ್ಹಾಪುರಕ್ಕೆ ಹೋಗಿ ಹರ್ಷದನಿಗೆ ಉಂಗುರ ವಾಪಸು ಕೊಟ್ಟು ಬಂದಳು. ಅವನು ಬೇಡ ಅನ್ನಲಿಲ್ಲವಂತೆ, ಎಸ್‌ಟಿ ಸ್ಟ್ಯಾಂಡಿನ ತನಕ ಜೊತೆಗೆ ಬಂದನಂತೆ. ಅಷ್ಟು ಹೇಳಿ ಅವಳು ಅಕ್ಕನ ಅಡಿಗೆಮನೆಯಲ್ಲಿ ಕೂತು, ಸುವರ್ಣಾ ಬಡಿಸಿದ ರೊಟ್ಟಿಯನ್ನು ಅಳುತ್ತಲೇ ಪೂರ್ತಿ ಉಂಡಳು.