ಬಟಾಟಿಗೆ ಹೊಲಿದ ಡೇರೆ

ನಾಲ್ಕು ಜನ ಮಲಗುವ ಡೇರೆಗೆ ಹದಿನಾಲ್ಕು ಸಾವಿರದ ಎಂಟುನೂರು. ನಾಯಿಗಳಿಗೆ ಹಾಸುವ ದಪ್ಪ ಚಾಪೆ ಎರಡು, ಒಂದಕ್ಕೆ ಸಾವಿರದ ನೂರು. ಮಡಚಿ ಚೀಲದಲ್ಲಿಡುವ ನೀರಿನ ಬಟ್ಟಲು ಮುನ್ನೂರ ಐವತ್ತು. ಕತ್ತಲಲ್ಲಿ ಹೊಳೆಯುವ ಕೊರಳಪಟ್ಟಿಗಳಿಗೆ ಒಂಬೈನೂರು. ಉಣ್ಣೆ ಹುಳ ಹತ್ತದಂತೆ ಬೆನ್ನಿಗೆ ಬಿಡುವ ಔಷಧಿ ಆರುನೂರು. ಜಾಗದ ಬಾಡಿಗೆ ಮನುಷ್ಯರಿಗೆ ತಲಾ ಒಂದೂವರೆ ಸಾವಿರ, ನಾಯಿಗಳಿಗೆ ತಲಾ ಐನೂರು. ನನ್ನ ಮಗಳು ಕಾವ್ಯಾ ಈ ಪಟ್ಟಿಯನ್ನು ಮೊಬೈಲಿನಲ್ಲಿ ಓದಿ ಹೇಳುವಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ಡೇರೆಯ ಬೆಲೆ ಕಿವಿಗೆ ಬಿದ್ದ ಮೇಲೆ ಬಡಿದ ರೊಟ್ಟಿ ನಡುವೆಯೇ ಹರಿಯಿತು.

ನನ್ನ ಸಿಟ್ಟಿಗೆ ಕಾರಣವಿತ್ತು. ಸಿಕಂದರಾಬಾದಿನಲ್ಲಿ ನನ್ನದು ತಾಡಪತ್ರಿ ಅಂಗಡಿ. ಲಾರಿಗಳಿಗೆ, ಮದುವೆ ಚಪ್ಪರಗಳಿಗೆ, ಅಕ್ಕಿ ಗೋದಾಮುಗಳಿಗೆ ಇಪ್ಪತ್ತಾರು ವರ್ಷದಿಂದ ಹೊಲಿದುಕೊಟ್ಟಿದ್ದೇನೆ. ಗಂಡ ಇರುವಾಗ ಇಬ್ಬರೂ ಹೊಲಿಯುತ್ತಿದ್ದೆವು, ಈಗ ನಾನು ಮತ್ತು ಕೆಲಸದ ಯಶವಂತ. ಊರ ಮಂದಿ ಮಳೆಗಾಲಕ್ಕೆ ಮುಂಚೆ ಬಸಲಿಂಗಮ್ಮನ ಅಂಗಡಿ ಎಲ್ಲಿ ಎಂದು ಕೇಳಿಕೊಂಡು ಬರುತ್ತಾರೆ. ನನ್ನ ಮಗಳು ಮಾತ್ರ ಶಾಪಿಂಗ್ ಮಾಲಿಗೆ ಹೋಗಿ, ಬೆರಳಲ್ಲಿ ಒತ್ತಿದರೆ ತೂತು ಬೀಳುವಂಥ ತೆಳು ಬಟ್ಟೆಗೆ ಅಷ್ಟು ದುಡ್ಡು ಸುರಿಯುತ್ತಾಳಂತೆ.

ಡೇರೆ ಬೇಕಾಗಿದ್ದದ್ದು ಅವಳ ಮೊದಲ ತಿರುಗಾಟಕ್ಕೆ. ಅಮೀರ್‌ಪೇಟಿನ ತರಬೇತಿ ಕೇಂದ್ರವೊಂದರಲ್ಲಿ ಅವಳು ಲೆಕ್ಕಪತ್ರ ಕಲಿಸುತ್ತಾಳೆ. ನಾಯಿಗಳನ್ನು ತಂದಾಗಿನಿಂದ, ಅಂದರೆ ಮೂರು ವರ್ಷದಿಂದ, ಒಂದು ರಾತ್ರಿಯೂ ಮನೆ ಬಿಟ್ಟು ಇದ್ದವಳಲ್ಲ. ಈಗ ಗೆಳತಿ ಕೃಪಾ ಜತೆ ವಿಕಾರಾಬಾದ್ ಕಡೆಯ ಕೆರೆಯ ದಂಡೆಯಲ್ಲಿ ಎರಡು ರಾತ್ರಿ ಇರಬೇಕು, ನಾಯಿಗಳೂ ಜತೆಗಿರಬೇಕು ಎಂದು ಆಸೆ. ನಾಯಿಗಳಲ್ಲಿ ಒಂದು ಬೀದಿಯಿಂದ ತಂದ ಕಂದು ಬಣ್ಣದ್ದು, ಹೆಸರು ಶೇಂಗಾ. ಇನ್ನೊಂದು ಮೂಗು ಮುಖದೊಳಗೇ ಹೂತುಹೋದ ಗುಂಡನೆಯ ಪಗ್, ಅದರ ಹೆಸರು ಬಟಾಟಿ. ಹಿಮಾಯತ್‌ನಗರದ ನಮ್ಮ ಎರಡನೇ ಮಹಡಿಯ ಮನೆಯಲ್ಲಿ ಬಟಾಟಿ ನಿದ್ದೆ ಹೋದರೆ ಅದರ ಗೊರಕೆ ಅಡುಗೆಮನೆಗೆ ಕೇಳುತ್ತದೆ.

ಡೇರೆ ನಾನೇ ಹೊಲಿಯುತ್ತೇನೆ ಎಂದೆ. ಅವಳು ಬೇಡ ಎಂದಳು.

"ಅವ್ವಾ, ಅದು ಹಂಗಲ್ಲ. ಆ ಬಟ್ಟಿಯೊಳಗ ಗಾಳಿ ಆಡ್ತೈತಿ. ಬಟಾಟಿಗೆ ಮೊದ್ಲೇ ಉಸಿರು ಸಾಲಂಗಿಲ್ಲ."

"ನನಗ ಬಟ್ಟಿ ಬಗ್ಗೆ ಕಲಿಸಾಕ ಬಂದಿ ಏನು? ಮೊಬೈಲ್ ನೋಡಿ ಕಲ್ತಾಕಿ ನೀ."

ಅವಳು ಕಾಗದ, ಪೆನ್ನು ತಂದಳು. ಆಮೇಲೆ, ಹೊಲಿಯುವುದೇ ಆದರೆ ಎರಡೂ ಕಡೆ ಬಲೆಯ ದೊಡ್ಡ ಕಿಟಕಿ ಇರಲಿ, ಬಾಗಿಲಿಗೂ ಬಲೆ ಇರಲಿ ಎಂದು ಕಾಗದದ ಮೇಲೆ ಗೀಚಿ ಕೊಟ್ಟಳು. ಸರಿ ಎಂದೆ.

ಹೊಲಿಯಲು ಕೂತಾಗ ಕೈ ತನ್ನ ಅಭ್ಯಾಸಕ್ಕೇ ಹೋಯಿತು. ಒಂದು ಹನಿ ನೀರು ಒಳಗೆ ಇಳಿದರೆ ಗಿರಾಕಿ ಮಾಲು ತಂದು ಮುಖಕ್ಕೆ ಎಸೆಯುತ್ತಾನೆ, ನನ್ನ ಕಸುಬಿನ ಪಾಠ ಅಷ್ಟೇ. ಕಿಟಕಿಗಳನ್ನು ಕತ್ತರಿಸಿದೆ, ಬಲೆ ಕೂಡಿಸಿದೆ, ಆದರೆ ಅಕಾಲ ಮಳೆ ಬಂದರೆ, ಚೇಳು ಹರಿದು ಬಂದರೆ ಎಂದು ಎರಡಕ್ಕೂ ಮೇಲಿನಿಂದ ತಾಡಪತ್ರಿಯ ತುಂಡು ಹಾಕಿ ನಾಲ್ಕೂ ಬದಿ ಹೊಲಿದುಬಿಟ್ಟೆ. ಬಾಗಿಲಿಗೂ ಬಲೆಯ ಬದಲು ತಾಡಪತ್ರಿಯನ್ನೇ ಇಟ್ಟು, ಹಿತ್ತಾಳೆ ಬಳೆ ಬಡಿದು ಹಗ್ಗ ಪೋಣಿಸಿದೆ. ಯಶವಂತ ನೋಡಿ, ಮಳೆಗಾಲದಲ್ಲಿ ಇದರೊಳಗೆ ಸಿಮೆಂಟ್ ಇಟ್ಟರೂ ಗಟ್ಟಿಯಾಗುವುದಿಲ್ಲ ಎಂದ. ನನಗೆ ಹೆಮ್ಮೆಯಾಯಿತು.

ಡೇರೆಯ ವಾಸನೆ, ಸದ್ದು ಒಗ್ಗಬೇಕಾದರೆ ನಾಯಿಗಳನ್ನು ಮೊದಲು ಮನೆಯಲ್ಲೇ ಅದರೊಳಗೆ ಕೂರಿಸಿ ರೂಢಿ ಮಾಡಬೇಕು ಎಂದು ಕೃಪಾ ಹೇಳಿದ್ದಳಂತೆ. ಭಾನುವಾರ ಬೆಳಿಗ್ಗೆ ತಾನಿರುವಾಗ ತಾರಸಿಯ ಗಚ್ಚಿನ ಮೇಲೆ ಹಾಕೋಣ, ಅಲ್ಲಿಯವರೆಗೆ ಮುಟ್ಟಬೇಡ ಎಂದು ಕಾವ್ಯಾ ಎರಡು ಸಲ ಹೇಳಿದಳು. ಎರಡು ಸಲ ಹೇಳಿದ್ದೇ ನನ್ನನ್ನು ಕೆರಳಿಸಿತು. ಗುರುವಾರ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವಳು ಡೇರೆಯನ್ನು ಮೇಲೆ ಹೊತ್ತುಕೊಂಡು ಹೋದೆ. ಅವಳು ಸಂಜೆ ಬಂದಾಗ ಎರಡೂ ನಾಯಿಗಳು ಡೇರೆಯೊಳಗೆ ಆರಾಮಾಗಿ ಮಲಗಿರುವುದನ್ನು ತೋರಿಸಬೇಕಿತ್ತು. ನೋಡು, ಹದಿನಾಲ್ಕು ಸಾವಿರ ಉಳಿಸಿದೆ ಎನ್ನಬೇಕಿತ್ತು.

ಫೆಬ್ರುವರಿಯ ಕೊನೆಯ ವಾರ, ಮೂರು ಗಂಟೆ. ಗಚ್ಚು ಕಾದಿತ್ತು, ಕಾಲಲ್ಲಿ ಚಪ್ಪಲಿ ಇದ್ದುದರಿಂದ ನನಗೆ ಸುಡಲಿಲ್ಲ. ಬಟಾಟಿ ಒಳಗೆ ಹೋಗಿ ಕೂತಿತು. ಶೇಂಗಾ ಮಾತ್ರ ಒಳಗೆ ಬಿಟ್ಟಷ್ಟು ಸಲ ಹೊರಗೆ ಓಡಿತು. ನಾಲ್ಕನೇ ಸಲ ಅದನ್ನು ಒಳಗೆ ತಳ್ಳಿ ಬಾಗಿಲಿಗೆ ಹೊರಗಿನಿಂದ ಹಗ್ಗ ಬಿಗಿದೆ. ಹತ್ತು ನಿಮಿಷ ಕೂತರೆ ತಾನೇ ಒಗ್ಗುತ್ತದೆ ಎಂದುಕೊಂಡೆ.

ಆಗ ಯಶವಂತನ ಫೋನು ಬಂತು. ಲಾರಿ ಮಾಲೀಕನೊಬ್ಬ ತಾಡಪತ್ರಿ ಎರಡು ಅಡಿ ಕಡಿಮೆ ಹೊಲಿದಿದ್ದೀರಿ ಎಂದು ಅಂಗಡಿಯಲ್ಲಿ ಗದ್ದಲ ಎಬ್ಬಿಸಿದ್ದ. ಅಳತೆಯ ಪುಸ್ತಕ ಮನೆಯಲ್ಲಿತ್ತು. ಕೆಳಗಿಳಿದು ಬಂದು ಫೋನಿನಲ್ಲೇ ಅವನಿಗೆ ಅಳತೆ ಓದಿ ಹೇಳಿದೆ. ಅವನು ಒಪ್ಪಲಿಲ್ಲ. ನಾನು ಬಿಡಲಿಲ್ಲ. ತೆಲುಗಿನಲ್ಲಿ ಅವನು, ಹಿಂದಿಯಲ್ಲಿ ನಾನು, ಒಬ್ಬರಿಗಿಂತ ಒಬ್ಬರು ಮೇಲೆ. ನಡುವೆ ಶೇಂಗಾ ಬೊಗಳುವುದು ಕೇಳಿಸಿತು. ಕೇಳಿಸಲಿಲ್ಲ ಎಂದು ಹೇಳಲಾರೆ. ಈ ನಾಯಿಗೂ ಈಗಲೇ ಬೇಕಿತ್ತಾ ಎಂದು ಇನ್ನಷ್ಟು ಸಿಟ್ಟು ಬಂದು, ಕಿಟಕಿ ಮುಚ್ಚಿ ಮಾತು ಮುಂದುವರಿಸಿದೆ. ಕೊನೆಗೆ ಅವನೇ ಸೋತ. ಗಡಿಯಾರ ನೋಡಿದರೆ ಮೂವತ್ತೈದು ನಿಮಿಷವಾಗಿತ್ತು.

ಮೇಲೆ ಹೋದಾಗ ಮೂರನೇ ಮಹಡಿಯ ವರ್ಷಾ ನೆಲದ ಮೇಲೆ ಕೂತಿದ್ದಳು. ಅವಳು ಮಂಗಳೂರಿನ ಹುಡುಗಿ, ಮನೆಯಿಂದಲೇ ಕಂಪನಿ ಕೆಲಸ ಮಾಡುತ್ತಾಳೆ, ಗಚ್ಚಿನ ತುಂಬ ಹೂಕುಂಡ ಇಟ್ಟು ನನ್ನ ಬಟ್ಟೆ ಒಣಗಿಸುವ ಜಾಗ ಕಸಿದವಳು. ಬಟಾಟಿ ಅವಳ ತೊಡೆಯ ಮೇಲಿತ್ತು. ನಾಲಿಗೆ ನೇರಳೆ ಬಣ್ಣಕ್ಕೆ ತಿರುಗಿ ಹೊರಗೆ ಜೋತಿತ್ತು, ಕಣ್ಣು ತೆರೆದಿತ್ತು, ಯಾರನ್ನೂ ನೋಡುತ್ತಿರಲಿಲ್ಲ. ಗಿಡಕ್ಕೆ ಹಾಕುವ ನೀರನ್ನು ಅವಳು ಅದರ ಹೊಟ್ಟೆಗೆ, ಕಾಲಿಗೆ ಸುರಿಯುತ್ತಿದ್ದಳು. ಶೇಂಗಾ ಹಗ್ಗ ಕಡಿದು ಹೇಗೋ ನುಸುಳಿ ಹೊರಬಿದ್ದು, ಅವಳ ಬಾಗಿಲು ಕೆರೆದು ಕರೆತಂದಿತ್ತಂತೆ. ಉಳಿದ ಹಗ್ಗವನ್ನು ಅವಳು ಗಿಡ ಕತ್ತರಿಸುವ ಕತ್ತರಿಯಿಂದ ಕತ್ತರಿಸಿದ್ದಳು.

ನಾನು ಡೇರೆಯೊಳಗೆ ಕೈ ಹಾಕಿದೆ. ಬಾಣಂತಿಯ ನೀರಿನ ಹಂಡೆಯ ಬಾಯಿಗೆ ಕೈ ಹಿಡಿದ ಹಾಗಿತ್ತು. ಒಳಗಿನ ಗೋಡೆಯಿಂದ ಬೆವರು ಇಳಿಯುತ್ತಿತ್ತು. ಇಪ್ಪತ್ತಾರು ವರ್ಷ ನಾನು ಹೊದಿಸಿದ್ದೆಲ್ಲ ಅಕ್ಕಿ, ಸಿಮೆಂಟು, ಗೊಬ್ಬರ. ಅವು ಯಾವುವೂ ಉಸಿರಾಡುವುದಿಲ್ಲ. ಅದು ನನ್ನ ತಲೆಗೆ ಹೊಳೆದದ್ದು ಆಗ.

ವರ್ಷಾ ಆಟೋ ತರಿಸಿದಳು. ಒದ್ದೆ ಟವೆಲಿನಲ್ಲಿ ಸುತ್ತಿ ಆಸ್ಪತ್ರೆಗೆ ಒಯ್ದೆವು. ದಾರಿಯುದ್ದಕ್ಕೂ ಚಾಲಕನಿಗೆ ಬೈದೆ, ಸಿಗ್ನಲಿಗೆ ಬೈದೆ. ಮೈಕಾವು ನೂರಾ ಏಳು ಎಂದು ಡಾಕ್ಟರು ಹೇಳಿದರು, ಇನ್ನು ಹತ್ತು ನಿಮಿಷ ತಡವಾಗಿದ್ದರೆ ತರುವ ಅಗತ್ಯವಿರಲಿಲ್ಲ ಎಂದೂ ಹೇಳಿದರು.

ಕಾವ್ಯಾ ಕೆಲಸದಿಂದ ನೇರ ಬಂದಳು. ಅಷ್ಟರಲ್ಲಿ ನಾನು ಅವಳಿಗೆ ಫೋನಿನಲ್ಲಿ ಹೇಳಿದ್ದು ಇಷ್ಟೇ: ಡೇರೆ ತೋರಿಸೋಣವೆಂದು ಮೇಲೆ ಬಿಟ್ಟಿದ್ದೆ, ಬಿಸಿಲಿಗೆ ಸುಸ್ತಾಗಿದೆ. ಹಗ್ಗದ ಮಾತು ಎತ್ತಿರಲಿಲ್ಲ. ಸಲಾಯಿನ್ ಹಾಕಿದ ಬಟಾಟಿಯ ತಲೆ ಸವರುತ್ತ ಅವಳು ಕೇಳಿದಳು.

"ಕಿಟಕಿ ಇದ್ದೂ ಹಿಂಗ್ಯಾಂಗಾತು ಅವ್ವಾ?"

"ಕಿಟಕಿ ಮುಚ್ಚಿ ಹೊಲ್ದಿದ್ದೆ. ಮಳಿ ಬಂದ್ರ ಅಂತ."

"ಬಾಗಲಾ? ಬಾಗಲಾ ತೆಗ್ದಿತ್ತಲ್ಲ?"

ನಾನು ಒದ್ದೆ ಟವೆಲು ಮಡಚತೊಡಗಿದೆ. ಅವಳು ವರ್ಷಾಳ ಕಡೆ ನೋಡಿದಳು. ವರ್ಷಾ ನನ್ನ ಕಡೆ ನೋಡಿದಳು, ಹೇಳುವುದೋ ಬೇಡವೋ ಎಂಬ ಹಾಗೆ.

"ಹೊರಗಿನಿಂದ ಹಗ್ಗ ಕಟ್ಟಿತ್ತು ಕಾವ್ಯಾ. ಬಿಚ್ಚಲಿಕ್ಕೆ ಆಗ್ಲಿಲ್ಲ, ಕತ್ತರಿಸಿದೆ."

ಆ ಹುಡುಗಿಯನ್ನು ಅಲ್ಲೇ ಸುಟ್ಟುಬಿಡುವಷ್ಟು ಸಿಟ್ಟು ಬಂತು. ಅವಳು ಸುಳ್ಳು ಹೇಳಿದ್ದರೆ ನನಗೆ ಅನುಕೂಲವಿತ್ತು, ಅದಕ್ಕೆ. ಕಾವ್ಯಾ ಕೂಗಾಡಿದ್ದರೆ ನಾನೂ ಕೂಗಾಡಿ ಮುಗಿಸುತ್ತಿದ್ದೆ. ಅವಳು ಕೂಗಲಿಲ್ಲ. ಆದರೂ ನಾನು ಕೂಗಿದೆ.

"ಆ ನಾಯಿಗೆ ದೇವ್ರು ಮೂಗಽ ಕೊಟ್ಟಿಲ್ಲ, ಅದಕ್ಕ ನಾ ಏನ್ಮಾಡ್ಲಿ? ನಿನ್ನ ರೊಕ್ಕ ಉಳಸಾಕ ಹೋಗಿ ನಾನಽ ಕೆಟ್ಟಾಕಿ ಆದೆ."

ಬೆಕ್ಕು ಹಿಡಿದುಕೊಂಡು ಸರದಿಗೆ ಕೂತಿದ್ದ ಮುದುಕರೊಬ್ಬರು ತಲೆ ತಗ್ಗಿಸಿದರು. ಕಾವ್ಯಾ ಸಲಾಯಿನ್ ಬಾಟಲಿಯನ್ನೇ ನೋಡುತ್ತ ನಿಂತಳು.

"ರೊಕ್ಕ ಯಾರು ಕೇಳಿದ್ರವ್ವಾ ನಿನ್ನ? ಮುಟ್ಟಬ್ಯಾಡ ಅಂದಿದ್ದೆ. ಮತ್ತ ಹಗ್ಗದ ಮಾತು ಮುಚ್ಚಿಟ್ಟಿ."

ಅದಾದ ಮೇಲೆ ಮನೆಯಲ್ಲಿ ಮಾತಿಗೆ ಕೊರತೆ ಇರಲಿಲ್ಲ. ಹಾಲು ತಂದೆಯಾ, ನೀರು ಬಂತಾ, ಬಟಾಟಿಗೆ ಮಾತ್ರೆ ಆಯಿತಾ. ಮಾತ್ರೆಯನ್ನು ಅವಳೇ ಹಾಕುತ್ತಿದ್ದಳು. ತಿರುಗಾಟವನ್ನು ಮೂರು ವಾರ ಮುಂದೆ ಹಾಕಿದಳು. ಬಟಾಟಿಯನ್ನು ಈ ಬೇಸಿಗೆಯಲ್ಲಿ ಹೊರಗೆ ಒಯ್ಯಬಾರದೆಂದು ಡಾಕ್ಟರು ಹೇಳಿದ್ದರಿಂದ ಶೇಂಗಾ ಒಂದನ್ನೇ ಕರೆದುಕೊಂಡು ಹೋಗುವುದೆಂದಾಯಿತು. ಮಾಲಿನ ಡೇರೆ ಮನೆಗೆ ಬಂತು. ನಾನು ಅದರ ಬಟ್ಟೆ ಮುಟ್ಟಿ ನೋಡಿದೆ. ಹೊಲಿಗೆ ಅಷ್ಟಕ್ಕಷ್ಟೇ. ಗಾಳಿ ಮಾತ್ರ ಈ ಕಡೆಯಿಂದ ಬಂದು ಆ ಕಡೆ ಹೋಗುತ್ತಿತ್ತು.

ಎರಡು ದಿನ ಬಟಾಟಿಯನ್ನು ನೋಡಿಕೊಳ್ಳಲು ಅಂಗಡಿಗೆ ರಜೆ ಹಾಕುವುದಾಗಿ ಯಶವಂತನಿಗೆ ಹೇಳಿದ್ದೆ. ಕೂಲರ್‌ಗೆ ಹೊಸ ಹುಲ್ಲು ಹಾಕಿಸಿದ್ದೆ. ಶನಿವಾರ ಬೆಳಿಗ್ಗೆ ಕಾವ್ಯಾ ಬಟಾಟಿಯನ್ನು ಕಂಕುಳಲ್ಲಿ ಎತ್ತಿಕೊಂಡು, ಅದರ ತಟ್ಟೆ, ಹಾಸಿಗೆ, ಔಷಧಿ ಚೀಲ ಹಿಡಿದು ಬಾಗಿಲು ದಾಟಿದಳು. ಮೆಟ್ಟಿಲು ಇಳಿಯಲಿಲ್ಲ, ಹತ್ತಿದಳು.

"ವರ್ಷಾ ನೋಡ್ಕೋತೀನಿ ಅಂದಾಳ," ಎಂದಳು.

"ನಾ ಮನ್ಯಾಗಽ ಇರ್ತೀನಲ್ಲ."

"ಗೊತ್ತೈತವ್ವಾ."

ಎರಡು ದಿನ ನಾನು ಮನೆಯಲ್ಲೇ ಇದ್ದೆ. ಒಂದು ಸಲ ಮೇಲೆ ಹೋಗಿ ಬಾಗಿಲು ಬಡಿಯೋಣ ಎಂದುಕೊಂಡೆ, ಹೋಗಲಿಲ್ಲ. ಬಟಾಟಿ ಬದುಕಿತು, ಮಗಳು ಅಂದುಕೊಂಡ ಹಾಗೆ ಕೆರೆಯ ದಂಡೆಯಲ್ಲಿ ಎರಡು ರಾತ್ರಿ ಇದ್ದು ಬಂದಳು. ತನ್ನದೊಂದು ಜೀವವನ್ನು ನನ್ನ ಕೈಗೆ ಕೊಟ್ಟು ಹೋಗುವಷ್ಟು ನಂಬಿಕೆ ಅವಳಿಗೆ ಉಳಿಯಲಿಲ್ಲ.